ಶಾಂತವ್ವನ ರೊಟ್ಟಿ ಗಂಟು ಮತ್ತು ನನ್ನ ಒಂದೂವರೆ ಪುಟ

ಪರದೆಯ ಮೇಲೆ ತನ್ನ ಹೆಸರು ನೋಡುವ ಚಪಲ ಒಮ್ಮೆ ಹತ್ತಿತೆಂದರೆ ಮನುಷ್ಯ ಎಂಥ ಕೆಟ್ಟ ಸಿನಿಮಾಕ್ಕೂ ತಲೆಯಾಡಿಸುತ್ತಾನೆ. ನಾನು ಅಫಜಲಪುರದಲ್ಲಿ ಕನ್ನಡ ಮಾಸ್ತರ. ಮಣ್ಣೂರಿನ ಹೊಳೆದಂಡೆಗೆ ಶೂಟಿಂಗಿಗೆ ಬಂದವರು ಈ ಕಡೆಯ ಭಾಷೆಯಲ್ಲಿ ಸಂಭಾಷಣೆ ಬರೆದುಕೊಡಿ ಎಂದದ್ದೇ ತಡ, ಕಥೆ ಕೇಳದೆ ಒಪ್ಪಿಕೊಂಡೆ. ಕೇಳಿದ್ದರೂ ಒಪ್ಪುತ್ತಿದ್ದೆ ಬಿಡಿ. ಹೊಲಕ್ಕಾಗಿ ಅಣ್ಣತಮ್ಮಂದಿರ ಜಗಳ, ಕರಜಗಿಯ ಕಬ್ಬಿನ ಹೊಲದಲ್ಲಿ ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿ ಕುಣಿಯುವ ನಾಯಕಿ, ಎಲ್ಲರೂ ಒಂದಾಗಲೆಂದು ಕಾಯಿಲೆ ಬೀಳುವ ತಾಯಿ.

ಆ ತಾಯಿಯ ಪಾತ್ರಕ್ಕೆ ಜೇವರ್ಗಿಯ ಶಾಂತವ್ವ. ನಾಟಕ ಕಂಪನಿಗಳಲ್ಲಿ ನಾಯಕಿಯಾಗಿ ಮೆರೆದವರು. ಎಪ್ಪತ್ತು ದಾಟಿದ ಮೇಲೆ ಸಿಕ್ಕ ಮೊದಲ ಸಿನಿಮಾ ಇದು, ಕೊನೆಯದೂ ಇದೇ ಎಂದು ಅವರೇ ಹೇಳುತ್ತಿದ್ದರು. ಮಗ ಮನೆ ಬಿಟ್ಟು ಹೊರಡುವಾಗ ತಾಯಿ ಆಡಬೇಕಾದ ಮಾತು ಎಂದು ನಾನು ಒಂದೂವರೆ ಪುಟ ಬರೆದಿದ್ದೆ. ಶಾಂತವ್ವ ಅದನ್ನು ಓದಿ ಕನ್ನಡಕ ತೆಗೆದರು.

"ಮಾಸ್ತರ್ರ, ಮಗ ಹೊಂಟು ನಿಂತಾಗ ತಾಯಿ ಇಷ್ಟು ಮಾತಾಡ್ತಾಳೇನ್ರಿ?"

"ಸಾಹಿತ್ಯ ಅಂದ್ರ ಹಂಗ ಇರ್ತದ್ರಿ," ಎಂದೆ.

ಕ್ಯಾಮೆರಾದ ಎದುರು ಅವರು ನನ್ನ ಒಂದಕ್ಷರವನ್ನೂ ಆಡಲಿಲ್ಲ. ಮಗನ ಕಡೆ ನೋಡದೆ ನಾಲ್ಕು ಖಡಕ್ ರೊಟ್ಟಿ ಬಟ್ಟೆಯಲ್ಲಿಟ್ಟು ಗಂಟು ಹಾಕಿದರು. ಬಿಚ್ಚಿ, ಇನ್ನೆರಡು ಸೇರಿಸಿ, ಮತ್ತೆ ಕಟ್ಟಿದರು. ಅಷ್ಟೇ. ನೋಡಲು ನೆರೆದ ಊರವರು ಇದು ಸಿನಿಮಾ ಎಂಬುದನ್ನೇ ಮರೆತು, ನಾಟಕದಲ್ಲಿ ಕೂಗುವಂತೆ "ಒನ್ಸ್ ಮೋರ್" ಎಂದು ಕೂಗಿದರು. ಕಂಪನಿಯ ರೂಢಿ ನೋಡಿ, ಶಾಂತವ್ವ ಅವರಿಗೆ ಕೈಮುಗಿದು, ಗಂಟು ಬಿಚ್ಚಿ, ಎಲ್ಲವನ್ನೂ ಇನ್ನೊಮ್ಮೆ ಮಾಡಿ ತೋರಿಸಿದರು. ನನಗೆ ಮಾತ್ರ ಮೈ ಉರಿಯಿತು. ನಿರ್ದೇಶಕರ ಬೆನ್ನುಹತ್ತಿ, ಆ ಒಂದೂವರೆ ಪುಟವನ್ನು ಬೇರೊಬ್ಬ ಹೆಂಗಸಿನಿಂದ ಓದಿಸಿ, ತಾಯಿಯ ಮನಸ್ಸಿನ ಮಾತು ಎಂದು ದೃಶ್ಯದ ಮೇಲೆ ಹೇರಿಸಿದೆ.

ಆಳಂದದ ಟಾಕೀಜಿನಲ್ಲಿ ಸಿನಿಮಾ ಬಿಡುಗಡೆಯಾದಾಗ ಶಾಂತವ್ವನನ್ನೂ ಕರೆದುಕೊಂಡು ಹೋದೆ. ಜನ ಮೊದಲರ್ಧ ಶೇಂಗಾ ತಿಂದರು, ಆಮೇಲೆ ಸಿಪ್ಪೆ ಎಸೆದರು. ಗಂಟಿನ ದೃಶ್ಯ ಬಂದದ್ದೇ ಎಲ್ಲರೂ ಸುಮ್ಮನಾದರು. ಅಷ್ಟರಲ್ಲಿ ನನ್ನ ಸಾಹಿತ್ಯ ಗುಡುಗತೊಡಗಿತು.

"ಏ, ಆ ಆವಾಜ್ ಬಂದ್ ಮಾಡ್ರಿ, ಮುದುಕಿನ್ನ ನೋಡಾಕ ಬಿಡ್ರಿ," ಎಂದು ಮುಂದಿನ ಬೆಂಚಿನವರು ಕೂಗಿದರು. ಆಪರೇಟರ್ ನಿಜವಾಗಿಯೂ ಬಂದ್ ಮಾಡಿದ. ಸದ್ದಿಲ್ಲದ ಪರದೆಯ ಎದುರು ಇಡೀ ಟಾಕೀಜು ಕಣ್ಣೊರೆಸಿಕೊಂಡಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನೂ ಅತ್ತೆ.

ಹೊರಗೆ ಬಂದಾಗ ಹಿರೋಳ್ಳಿಯ ನಮ್ಮ ಬೀಗರು ಕೈ ಹಿಡಿದುಕೊಂಡರು. "ಸಿನಿಮಾ ದಂಡ ಐತ್ರಿ ಮಾಸ್ತರ್ರ. ಆದ್ರ ಆ ರೊಟ್ಟಿ ಸೀನ್ ಬಾಳ ಛಲೋ ಐತಿ. ಅದನ್ನ ನೀವ ಬರದೀರೇನ್ರಿ?"

"ಹೌದ್ರಿ," ಎಂದೆ.

ಪಕ್ಕದಲ್ಲೇ ನಿಂತಿದ್ದ ಶಾಂತವ್ವ ನನ್ನ ಮುಖ ನೋಡಿದರು. ಬೈದಿದ್ದರೆ ನಾನು ಎಷ್ಟೋ ಹಗುರಾಗುತ್ತಿದ್ದೆ.