ಒಲೆಯ ಹಿಂದೆ ಕೂತ ಸ್ವಿಚ್ಚು

ಇಂದ:
ಮೂರನೇ ಮಹಡಿಯ ಎಡಗಡೆ ಮನೆಯಾಕೆ,
ವಯಸ್ಸು ಎಪ್ಪತ್ತೊಂದು.

ಗೆ:
ವಿದ್ಯುತ್ ಸುರಕ್ಷತಾ ಅಧಿಕಾರಿಗಳು,
ಎರಡನೇ ಕಿಟಕಿ (ತೆರೆದಿದ್ದಲ್ಲಿ).

ವಿಷಯ: ಅಡುಗೆಮನೆಯ ಗೋಡೆಯೊಳಗೆ ಕೂರಿಸಿರುವ ವಿದ್ಯುತ್ ಒಲೆಯ (ಓವನ್) ಸಂಪರ್ಕ ತೆಗೆಸಲು ನಲವತ್ತು ನಿಮಿಷದ ವಿದ್ಯುತ್ ನಿಲುಗಡೆ ಮಂಜೂರು ಮಾಡುವ ಕುರಿತು.

ಉಲ್ಲೇಖ: ನನ್ನ ಹಿಂದಿನ ಮೂರು ಅರ್ಜಿಗಳು ಮತ್ತು ಅವುಗಳಿಗೆ ತಮ್ಮ ಮೌನ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಸದರಿ ಒಲೆಯ ಹಿಡಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಕಳೆದ ವಾರ ಸೊಸೆಯ ಕೈಯಲ್ಲಿದ್ದ ಪಾತ್ರೆ ಹಾರಿ ಬಾಗಿಲವರೆಗೂ ಹೋಯಿತು. "ಅತ್ತೆ, ಇದು ಒಲೆ ಅಲ್ಲ, ನಿಮ್ಮ ನಾದಿನಿ. ಹತ್ರ ಹೋದ್ರೆ ಸಾಕು, ಹೊಡಿಯುತ್ತೆ" ಎಂದಳು. ನಾದಿನಿಗೆ ಈ ಅರ್ಜಿಯ ನಕಲು ಕಳುಹಿಸಿರುವುದಿಲ್ಲ.

2. ಗೋಡೆಯೊಳಗೆ ಕೂರಿಸಿದ ಉಪಕರಣದ ಸಂಪರ್ಕ ಕಡಿಯುವ ಸ್ವಿಚ್ಚು ಕಣ್ಣಿಗೆ ಕಾಣುವಂತೆ, ಕೈಗೆ ಎಟುಕುವಂತೆ ಇರತಕ್ಕದ್ದು ಎಂಬುದು ತಮ್ಮ ನಿಯಮ. ನಮ್ಮಲ್ಲಿಯೂ ಸ್ವಿಚ್ಚು ಇದೆ. ಒಲೆಯ ಹಿಂದೆ ಇದೆ. ತಮ್ಮ ತಪಾಸಣೆಯವರು ಬಂದ ದಿನ ಒಲೆ ಇನ್ನೂ ಅಂಗಡಿಯಲ್ಲಿತ್ತು. ಖಾಲಿ ಗೂಡಿನ ನಡುಮಧ್ಯೆ ಸ್ವಿಚ್ಚು ಹಣೆಯ ಬೊಟ್ಟಿನಂತೆ ಎದ್ದು ಕಾಣುತ್ತಿತ್ತು. ಅವರು "ಕಾಣುತ್ತದೆ, ಎಟುಕುತ್ತದೆ" ಎಂದು ಬರೆದು ಮುದ್ರೆ ಒತ್ತಿ ಹೋದರು. ಮಾರನೆಯ ದಿನ ಒಲೆ ಬಂದು ಅದರ ಮುಂದೆ ಕೂತಿತು. ಆದಕಾರಣ ಈಗ ಸ್ವಿಚ್ಚು ಆರಿಸಲು ಒಲೆ ಹೊರತೆಗೆಯಬೇಕು. ಒಲೆ ಹೊರತೆಗೆಯಲು ಸ್ವಿಚ್ಚು ಆರಿಸಬೇಕು. ದಾಖಲೆಯ ಪ್ರಕಾರ ಅದು ಈಗಲೂ ಕಾಣುತ್ತಿರುವುದರಿಂದ, ದೋಷ ನನ್ನ ಕಣ್ಣಿನದೇ ಇರಬೇಕು.

3. ವಿದ್ಯುತ್ ಕೆಲಸದವರನ್ನು ಕರೆಸಿದೆ. "ಇಪ್ಪತ್ತು ನಿಮಿಷದ ಕೆಲಸ ಅಮ್ಮ. ಆದ್ರೆ ಕಚೇರಿಯವರು ಇಡೀ ಮನೆ ಕರೆಂಟ್ ತೆಗೀದೆ ನಾನು ಮುಟ್ಟಿದ್ರೆ ನನ್ನ ಲೈಸೆನ್ಸ್ ಹೋಗುತ್ತೆ" ಎಂದರು. ಕರೆಂಟ್ ತೆಗೆಸುವ ತಮ್ಮ ನಮೂನೆಯಲ್ಲಿ ಕನಿಷ್ಠ ಅವಧಿ ಎರಡು ಗಂಟೆ ಎಂದು ಅಚ್ಚಾಗಿದೆ.

4. ನಮ್ಮ ಯಜಮಾನರು ಎರಡು ವರ್ಷದಿಂದ ಆಮ್ಲಜನಕದ ಯಂತ್ರದ ಮೇಲೆ ಉಸಿರಾಡುತ್ತಿದ್ದಾರೆ. ಯಂತ್ರ ಕರೆಂಟಿನ ಮೇಲೆ ಓಡುತ್ತದೆ. ಆದ್ದರಿಂದ ತಮ್ಮ ಕಿಟಕಿಗೆ ಬಂದು ಗುಮಾಸ್ತರಲ್ಲಿ ವಿಚಾರಿಸಿದೆ.

"ಸಿಲಿಂಡರ್ ಇಲ್ವಾ ಅಜ್ಜಿ?"

"ಇದೆಯಪ್ಪ. ಮನೆಗೆ ಒಂದೇ ಅಂತ ಕೊಟ್ಟಿದ್ದಾರೆ. ನಲವತ್ತು ನಿಮಿಷ ಬರುತ್ತೆ."

"ಮತ್ತಿನ್ನೇನು?"

"ಆಮೇಲಿನ ಎಂಬತ್ತು ನಿಮಿಷ?"

"ಅದು ನಮ್ಮ ವಿಭಾಗಕ್ಕೆ ಬರಲ್ಲ."

ಕೆಳಗಿನ ಮನೆಯಿಂದ ತಂತಿ ಎಳೆದುಕೊಳ್ಳಲೇ ಎಂದೆ. ಅದು ಅಪರಾಧವಂತೆ. ಯಜಮಾನರನ್ನೇ ಕೆಳಗಿಳಿಸೋಣವೆಂದರೆ ಮೆಟ್ಟಿಲು ಅರವತ್ತೆರಡು, ಅವರಿಗೆ ಸಾಗುವುದು ಮೂರು.

5. ಕಾನೂನಿಗೆ ತಲೆಬಾಗಿ ಯಜಮಾನರನ್ನೇ ಕೇಳಿದೆ: "ಎಂಬತ್ತು ನಿಮಿಷ ಉಸಿರು ಬಿಗಿ ಹಿಡ್ಕೊಂಡಿರ್ತೀರಾ?"

"ಮದುವೆ ಆದಾಗಿಂದ ಇನ್ನೇನು ಮಾಡ್ತಿದ್ದೀನಿ ಮಾರಾಯ್ತಿ?" ಎಂದರು. ಅಷ್ಟು ಹೇಳುವಷ್ಟರಲ್ಲಿ ಎರಡು ಸಲ ನಿಂತು ದಮ್ಮು ತೆಗೆದುಕೊಂಡರು. ನಗಲು ಮೂರನೆಯ ಸಲ. ಆದಕಾರಣ ಅವರ ಉತ್ತರವನ್ನು ಒಪ್ಪಿಗೆ ಎಂದು ಪರಿಗಣಿಸಬಾರದು.

6. ನಾನು ಅಕ್ಷರ ಕಲಿತ ರಾತ್ರಿ ಶಾಲೆಯ ಮೇಷ್ಟ್ರು, ಅರ್ಜಿಯಲ್ಲಿ ಕೋಪ ಇರಬಾರದು, ಕಾರಣ ಇರಬೇಕು ಎಂದು ಕಲಿಸಿದ್ದರು. ಇಷ್ಟು ಕಾರಣ ಸಾಲದಿದ್ದರೆ ತಿಳಿಸಿ. ಕೋಪವೂ ಸ್ವಲ್ಪ ಇದೆ.

ಆದ್ದರಿಂದ ಎರಡು ಗಂಟೆ ಎಂದಿರುವಲ್ಲಿ ಗೆರೆ ಎಳೆದು ನಲವತ್ತು ನಿಮಿಷ ಎಂದು ತಿದ್ದಿಕೊಡಬೇಕು. ಅಚ್ಚಾದ ಅಕ್ಷರ ತಿದ್ದಲು ಬರುವುದಿಲ್ಲ ಎಂದಾದರೆ, ನಲವತ್ತೊಂದನೇ ನಿಮಿಷಕ್ಕೆ ತಾವೇ ಖುದ್ದಾಗಿ ಬಂದು ಮಂಚದ ಪಕ್ಕ ಕುಳಿತು ಯಜಮಾನರ ಕೈ ಹಿಡಿದುಕೊಳ್ಳಬೇಕು. ಆ ಹೊತ್ತಿನಲ್ಲಿ ನನ್ನಿಂದ ಅಲ್ಲಿ ನಿಲ್ಲಲಾಗದು.

ತಮ್ಮ ವಿಶ್ವಾಸಿ
(ವಿಶ್ವಾಸ ಇನ್ನೂ ಕೊಂಚ ಉಳಿದಿರುವುದರಿಂದ),
ಸಹಿ

ಲಗತ್ತು:
ಅ) "ಕಾಣುತ್ತದೆ, ಎಟುಕುತ್ತದೆ" ಪ್ರಮಾಣಪತ್ರದ ನಕಲು.
ಆ) ಒಲೆಯ ಚಿತ್ರ. ಸ್ವಿಚ್ಚು ಇದರಲ್ಲಿಯೂ ಕಾಣುವುದಿಲ್ಲ.
ಇ) ವೈದ್ಯರ ಚೀಟಿ.

ವಿಶೇಷ ಸೂಚನೆ: ಯಜಮಾನರಿಗೆ ಎಡಗಿವಿ ಕೇಳಿಸುವುದಿಲ್ಲ. ಆ ಎಂಬತ್ತು ನಿಮಿಷ ಯಾವ ವಿಭಾಗಕ್ಕೆ ಬರುತ್ತದೆ ಎಂಬುದನ್ನು ಬಲಗಿವಿಯಲ್ಲಿ ವಿವರಿಸಬೇಕಾಗಿ ವಿನಂತಿ.