ಮೂರನೆಯ ಚರಣದ ಮಹಾಸಮರ

ಸ್ವಸ್ತಿ! ಕೃತ ತ್ರೇತಾ ದ್ವಾಪರಗಳು ಸಂದು, ಅವುಗಳ ಬೆನ್ನಿಗೇ ಕ್ಯಾಸೆಟ್ ಯುಗವೂ ಅಸ್ತಂಗತವಾಗಿ, ಮನುಷ್ಯಮಾತ್ರರೆಲ್ಲ ಅಂಗೈಯಗಲದ ಗಾಜನ್ನು ತಿಕ್ಕಿ ತಿಕ್ಕಿ ಹಾಡು ಕೇಳತೊಡಗಿದ ಈ ಕಲಿಕಾಲದಲ್ಲಿ, ಸಿರಾ ಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದಣ ಬೀದಿಯಲ್ಲಿ, ಅಳತೆಪಟ್ಟಿಯನ್ನೇ ಕಂಠಾಭರಣವಾಗಿ ಧರಿಸಿದ, ಕತ್ತರಿಯನ್ನೇ ಖಡ್ಗವಾಗಿ ಝಳಪಿಸುವ, ಸಫಾರಿಸೂಟುನಿರ್ಮಾಣಧುರಂಧರ, ಕಾಜಾಗುಂಡಿಕಲಾಕೋವಿದ, ಅಭಿಮಾನಿಸಂಘಾಧ್ಯಕ್ಷಶಿರೋಮಣಿ ಹನುಮಂತರಾಯಪ್ಪನೆಂಬ ವೀರನು ಬಾಳುತ್ತಿದ್ದನು. ಅವನ ಪರಾಕ್ರಮವನ್ನು ಹೇಳಲು ಹೊರಟಿದ್ದೇನೆ. ಸಾವಿರ ನಾಲಗೆಯ ಆದಿಶೇಷನಿಗೇ ಸಾಧ್ಯವಾಗದ್ದು ನನ್ನ ಒಂದು ನಾಲಗೆಗೆ ಆದೀತೇ ಎಂದು ನೀವು ಕೇಳಬಹುದು. ಆದಿಶೇಷ ಸಿರಾಕ್ಕೆ ಬಂದಿರಲಿಲ್ಲ, ನಾನು ಅಲ್ಲೇ ಇದ್ದೆ.

ಈ ವೀರನಿಗೆ ಆರಾಧ್ಯನಾದ ನಟನು ಒಬ್ಬನೇ. ಅವನು ಕಾಲವಾಗಿ ವರ್ಷಗಳೇ ಸಂದಿದ್ದವು. ಆ ನಟನ ನೂರಾರು ಹಾಡುಗಳಲ್ಲಿ ಹನುಮಂತರಾಯಪ್ಪನ ಎದೆಯನ್ನು ಗೆದ್ದದ್ದೂ ಒಂದೇ: 'ಹೊಂಗೆಯ ನೆರಳಿಗೆ ಬಾರೆ ಚೆಲುವೆ'. ಮೂವತ್ತೆರಡು ವರ್ಷಗಳ ಹಿಂದೆ, ಮದುವೆಯಾದ ವಾರಕ್ಕೆ, ಒಂದು ಖಾಲಿ ಕ್ಯಾಸೆಟ್ಟನ್ನೂ ಹಾಡುಗಳ ಪಟ್ಟಿಯನ್ನೂ ರೆಕಾರ್ಡಿಂಗ್ ಅಂಗಡಿಗೆ ಕೊಟ್ಟು ಅವನು ಅದನ್ನು ತುಂಬಿಸಿಕೊಂಡು ಬಂದಿದ್ದನು. ಆ ಹಾಡು ಮೊದಲ ಮಗ್ಗುಲಿನ ಕೊನೆಯಲ್ಲಿತ್ತು. ಪಲ್ಲವಿ, ಒಂದು ಚರಣ, ಎರಡನೆಯ ಚರಣ, ಅದಾದ ಮೇಲೆ ಟೇಪ್‌ರೆಕಾರ್ಡರಿನ ಗುಂಡಿ ತಾನೇ ಮೇಲೆದ್ದು 'ಟಕ್' ಎನ್ನುತ್ತಿತ್ತು. ಸಾವಿರಾರು ಸಲ ಕೇಳಿ ಕೇಳಿ ಆ 'ಟಕ್' ಕೂಡ ಅವನಿಗೆ ಹಾಡಿನ ಭಾಗವೇ ಆಗಿಹೋಗಿತ್ತು.

ಪ್ರತಿವರ್ಷ ಮದುವೆಯ ದಿನದಂದು ಧರ್ಮಪತ್ನಿ ಪುಟ್ಟತಾಯಮ್ಮನನ್ನು ಹೊಲಿಗೆ ಯಂತ್ರದ ಸ್ಟೂಲಿನ ಮೇಲೆ ಕೂರಿಸಿ, ಎದುರಿಗೆ ನಿಂತು, ಎರಡು ಚರಣಗಳನ್ನೂ ಹಾಡಿ, ಕೊನೆಗೆ ಚಿಟಿಕೆ ಹೊಡೆದು 'ಟಕ್' ಎಂದು ಸಮಾಪ್ತಿಗೊಳಿಸುವುದು ಅವನ ವ್ರತವಾಗಿತ್ತು. ಪುಟ್ಟತಾಯಮ್ಮ ಪ್ರತಿಸಲವೂ ಏನೋ ಹೇಳುವವಳ ಹಾಗೆ ತುಟಿ ತೆರೆದು, ಮತ್ತೆ ಮುಚ್ಚಿ, "ಚೆನ್ನಾಗೈತೆ, ಕಾಫಿ ಕುಡೀತೀರಾ?" ಎಂದು ಎದ್ದುಹೋಗುತ್ತಿದ್ದಳು. ಅವನು ಕುಡಿಯುತ್ತಿದ್ದನು.

ಇಂತಿರಲು, ಸಂಘದ ಪ್ರಧಾನ ಕಾರ್ಯದರ್ಶಿಯೂ, ಎದುರಂಗಡಿಯಲ್ಲಿ ಇಸ್ತ್ರಿ ಹಾಕುವ ಕೆಂಡೋದ್ದೀಪಿತಪೆಟ್ಟಿಗೆಧಾರಿಯೂ ಆದ ಮೂಡ್ಲಗಿರಿಯಪ್ಪನು ಒಂದು ಮಧ್ಯಾಹ್ನ ಕರಪತ್ರವೊಂದನ್ನು ಹಿಡಿದು ಓಡೋಡಿ ಬಂದನು.

"ಅಣ್ಣೋ, ನೋಡಣ್ಣೋ! ರಾಜ್ಯೋತ್ಸವಕ್ಕೆ ರಸಮಂಜರಿ ಮಡಗವ್ರೆ. ತುಮಕೂರು ಕಡೆ ಹೈಕ್ಳಂತೆ. ನಮ್ ಹೊಂಗೆ ಹಾಡು ಹಾಡ್ತಾರಂತೆ, ಹೊಸಾ ಥರ!"

ಹೊಸಾ ಥರ! ಹನುಮಂತರಾಯಪ್ಪನ ಕಾಲು ಪೆಡಲಿನ ಮೇಲೇ ನಿಂತಿತು. ಹರೆಯದಲ್ಲಿ ಮೂರು ಸಲ ಪೌರಾಣಿಕ ನಾಟಕದಲ್ಲಿ ಕೌರವನ ಪಾತ್ರ ಕಟ್ಟಿದವನಾದ್ದರಿಂದ, ಕೋಪ ಬಂದಾಗಲೆಲ್ಲ ಅವನ ಬಾಯಲ್ಲಿ ನಾಟಕದ ಮಾತೇ ಬರುತ್ತಿತ್ತು. ಅವನು ಕತ್ತರಿಯನ್ನೆತ್ತಿ ಗರ್ಜಿಸಿದನು:

"ಎಲವೆಲವೋ ಮೂಡ್ಲಗಿರಿ, ಕೇಳುವಂಥವನಾಗು! ಆ ಗಾನದಲ್ಲಿ ಒಂದಕ್ಷರ ಹೆಚ್ಚಿದರೂ, ಒಂದಕ್ಷರ ಕುಂದಿದರೂ, ರಂಗಸ್ಥಳವನ್ನೇರಿ ನಾನದನ್ನು ತಡೆಯದೆ ಬಿಡೆನು! ತಡೆಯಲಾರದೆ ಹೋದೆನೋ, ಈ ಅಧ್ಯಕ್ಷಪೀಠವನ್ನು ತ್ಯಜಿಸುವೆನು! ಆ ಗಾನವನ್ನು ಈ ಧರಣೀಮಂಡಲದಲ್ಲಿ ನನಗಿಂತ ಬಲ್ಲವರು ಯಾರಿದ್ದಾರೆ? ಹೇಳು, ಯಾರಿದ್ದಾರೆ?"

"ಯಾರೂ ಇಲ್ಲ ಕಣಣ್ಣ," ಎಂದನು ಮೂಡ್ಲಗಿರಿಯಪ್ಪ. "ಆದ್ರೆ ಕತ್ತರಿ ಕೆಳೀಕ್ ಇಡು, ಮೂತಿಗ್ ತಗುಲ್ತದೆ."

ಒಳಗೆ ಅವರೆಕಾಯಿ ಸುಲಿಯುತ್ತಿದ್ದ ಪುಟ್ಟತಾಯಮ್ಮನಿಗೆ ಇದೆಲ್ಲ ಕೇಳಿಸಿತು. ಅವಳು ಇನ್ನೊಂದು ಹಿಡಿ ಕಾಯನ್ನು ಮೊರಕ್ಕೆ ಎಳೆದುಕೊಂಡಳು.

ಬಂದಿತು ಆ ಸಂಜೆ! ಹೈಸ್ಕೂಲ್ ಮೈದಾನದಲ್ಲಿ ಮುನ್ನೂರು ಪ್ಲಾಸ್ಟಿಕ್ ಕುರ್ಚಿಗಳು ಸಾಲುಗಟ್ಟಿದ್ದವು. ಮುಂದಿನ ಸಾಲಿನಲ್ಲಿ ಕೆಂಪುಹಳದಿಶಾಲುಶೋಭಿತರಾದ ಸಂಘದ ಹನ್ನೊಂದು ಮಂದಿ ಮಹಾರಥಿಗಳು, ನಡುವೆ ತಾನೇ ಹೊಲಿದ ಬಿಳಿ ಸಫಾರಿಯಲ್ಲಿ ಹನುಮಂತರಾಯಪ್ಪ. ಅವರ ಹಿಂದೆ ಮೊಬೈಲುಟಾರ್ಚುಧಾರಿಗಳಾದ ತರುಣರ ಅಕ್ಷೌಹಿಣಿ. ಎಡಗಡೆ ಹೆಂಗಸರ ಸಾಲು. ಅದರಲ್ಲಿ ಪುಟ್ಟತಾಯಮ್ಮ, ಮಡಿಲಲ್ಲಿ ಚುರುಮುರಿಯ ಪೊಟ್ಟಣ.

ಗಾಯಕನು ಪಲ್ಲವಿಯನ್ನೆತ್ತಿದನು. ಅಯ್ಯೋ ಶಿವನೇ, ಏನು ಕಂಠವದು! ಮಹಾರಥಿಗಳಲ್ಲಿ ನಾಲ್ವರು ಆಗಲೇ ಶಾಲಿನಿಂದ ಕಣ್ಣೊರೆಸಿಕೊಂಡರು. ತರುಣರು ಟಾರ್ಚು ಬೀಸಿದರು, ಸಿಳ್ಳೆ ಹೊಡೆದರು, ಇನ್ನೂ ಮೀಸೆ ಮೂಡದವರೂ ಎದೆ ಹಿಡಿದುಕೊಂಡು "ಅಯ್ಯಯ್ಯಪ್ಪಾ!" ಎಂದು ನರಳಿದರು. ಮೊದಲ ಚರಣದಲ್ಲಿ ಹನುಮಂತರಾಯಪ್ಪ ತಪ್ಪಿಗಾಗಿ ಹುಡುಕಿದನು, ಸಿಗಲಿಲ್ಲ. ಎರಡನೆಯದರಲ್ಲಿಯೂ ಹುಡುಕಿದನು, ಸಿಗಲಿಲ್ಲ. ಸುಮ್ಮನೆ ಹೇಳಬಾರದು, ಅವನೂ ಸಣ್ಣಗೆ ದನಿಗೂಡಿಸಿದ್ದನು. ಎರಡನೆಯ ಚರಣ ಮುಗಿಯುತ್ತಿದ್ದಂತೆ ಅವನು ಪ್ರಸನ್ನನಾಗಿ ಬಲಗೈಯೆತ್ತಿ, ಹೆಬ್ಬೆರಳಿಗೆ ನಡುಬೆರಳನ್ನು ಸೇರಿಸಿ, 'ಟಕ್' ಎನ್ನಲು ಸಿದ್ಧನಾದನು.

ಹಾಡು ನಿಲ್ಲಲಿಲ್ಲ! ಕೊಳಲು ನುಡಿಯುತ್ತಲೇ ಇತ್ತು. ಹರಿಣಿಯೆಂಬ ಗಾಯಕಿ, ಅದುವರೆಗೆ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದವಳು, ಮೈಕಿನ ಮುಂದೆ ಬಂದು ಎತ್ತಿಯೇಬಿಟ್ಟಳು:

ಬಾ ಎಂದೆ, ಬಂದೆನು; ಕೂರೆಂದೆ, ಕೂತೆನು...

"ಕಲಬೆರಕೆ!" ಎಂದು ಹನುಮಂತರಾಯಪ್ಪ ಸಿಡಿದೆದ್ದನು. "ನಿಲ್ಸಿ! ನಿಲ್ಸಿ!" ಎಂದು ಹನ್ನೊಂದು ಕಂಠಗಳು ಮೊಳಗಿದವು. "ಒನ್ಸ್ ಮೋರ್! ಒನ್ಸ್ ಮೋರ್!" ಎಂದು ಹಿಂದಿನ ಅಕ್ಷೌಹಿಣಿ ಮಾರ್ನುಡಿಯಿತು. ಆಗ ನಡೆಯಿತು ನೋಡಿ ಯುದ್ಧ! ಚುರುಮುರಿಯ ಶರವರ್ಷದಿಂದ ಗಗನವು ಕವಿಯಿತು. ಕಡಲೆಕಾಯಿ ಸಿಪ್ಪೆಗಳು ಹಾರಿದವು. ಗದೆಯಂತೆ ಕುರ್ಚಿಯೆತ್ತಿದ ಮೂಡ್ಲಗಿರಿಯಪ್ಪನು ಯಾರಿಗೆ ಹೊಡೆಯಬೇಕೆಂದು ತಿಳಿಯದೆ, ಹಿಂದಿನ ಸಾಲಿನಲ್ಲಿ ತನ್ನ ಅಕ್ಕನ ಮಗನೇ ಇರುವುದನ್ನು ಕಂಡು, ಅದನ್ನು ಮೆಲ್ಲಗೆ ಇಳಿಸಿ ಅದರ ಮೇಲೆಯೇ ಹತ್ತಿ ನಿಂತನು. ಕುರ್ಚಿಯ ಕಾಲು ಮುರಿಯಿತು. ಸಂಘದ ಪ್ರಧಾನ ಕಾರ್ಯದರ್ಶಿಯು ರಣಾಂಗಣದಲ್ಲಿ ಬಿದ್ದನು.

ಆ ಸಂಕುಲಸಮರವನ್ನು ಸೀಳಿಕೊಂಡು ಹನುಮಂತರಾಯಪ್ಪ ವೇದಿಕೆಯನ್ನೇರಿದನು. ವಾದ್ಯಗಳು ನಿಂತವು. ಅವನು ಮೈಕನ್ನು ಕಸಿದು ಗುಡುಗಿದನು:

"ಎಲೌ ತರುಣಿ! ಮೂವತ್ತೆರಡು ಸಂವತ್ಸರಗಳ ಕಾಲ ನಿತ್ಯಾನುಸಂಧಾನ ಮಾಡಿದ ನನಗೇ ಕಾಣದ ಚರಣವು ನಿನಗೆಲ್ಲಿಂದ ಬಂತು? ಸತ್ತುಹೋದವರ ಹಾಡಿಗೆ ಬಾಲ ಹಚ್ಚಲು ನಿನಗಾರು ಅಧಿಕಾರ ಕೊಟ್ಟರು?"

ಹುಡುಗಿ ನಿಂತಲ್ಲಿಂದ ಕದಲದೆ ಹೇಳಿದಳು: "ಸಾರ್, ಇದು ನಾವು ಹಚ್ಚಿದ್ದಲ್ಲ. ಹಳೇ ಗ್ರಾಮಫೋನ್ ತಟ್ಟೇಲೇ ಐತೆ. ಸಿನಿಮಾದಾಗೆ ಎರಡೇ ಚರಣ ತೋರ್ಸಿದ್ರು, ಅಷ್ಟೇ."

"ಸುಳ್ಳು!"

"ಸುಳ್ಳಲ್ಲ ಕಣ್ರೀ."

ಈ ಮಾತು ವೇದಿಕೆಯಿಂದ ಬಂದದ್ದಲ್ಲ, ಎಡಗಡೆಯಿಂದ ಬಂದದ್ದು. ಹೆಂಗಸರ ಸಾಲಿನಲ್ಲಿ ಪುಟ್ಟತಾಯಮ್ಮ ಎದ್ದು ನಿಂತಿದ್ದಳು. ಸೆರಗಿನ ಮೇಲಿನ ಚುರುಮುರಿಯನ್ನು ಕೊಡವಿಕೊಂಡು, ಮೈಕಿಲ್ಲದೆ, ವಾದ್ಯವಿಲ್ಲದೆ, ಸ್ವಲ್ಪ ಶ್ರುತಿ ತಪ್ಪಿ, ಅವಳು ಹಾಡಿದಳು:

ಬಾ ಎಂದೆ, ಬಂದೆನು, ಕೂರೆಂದೆ, ಕೂತೆನು,
ನೆರಳೆಲ್ಲ ನಿನ್ನದೆ, ಹಾಡೆಲ್ಲ ನಿನ್ನದೆ,
ನನಗೂ ಒಂದು ಮಾತಿದೆ, ಕೇಳೋ ಚೆಲುವ.

ಎರಡು ಪಡೆಗಳೂ ಚುರುಮುರಿಯನ್ನು ಕೈಯಲ್ಲೇ ಹಿಡಿದು ಅವಳತ್ತ ತಿರುಗಿದವು. ಹನುಮಂತರಾಯಪ್ಪನ ಬಾಯಿಂದ ಕೌರವನು ಹೊರಟುಹೋಗಿದ್ದನು.

"ನಿಂಗೆ... ನಿಂಗೆ ಹೆಂಗೆ ಗೊತ್ತು?"

"ರೇಡಿಯೋದಾಗೆ ಬರೋದಲ್ವಾ? ನಮ್ಮಪ್ಪನ ಮನೇಲಿ ಇದ್ದಾಗ್ಲೇ ಬಾಯಿಪಾಠ ಆಗಿತ್ತು."

"ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ನೀನು?"

"ಹೇಳೋಕೆ ನೀವೆಲ್ ಬಿಟ್ರಿ?" ಎಂದಳು ಪುಟ್ಟತಾಯಮ್ಮ. "ಎರಡನೇದು ಮುಗೀತಿದ್ದಂಗೆ ಟಕ್ ಅಂತಿದ್ರಿ."

ಹನುಮಂತರಾಯಪ್ಪನಿಗೆ ಒಂದೇ ಕ್ಷಣದಲ್ಲಿ ಎಲ್ಲವೂ ತಿಳಿಯಿತು. ಬಟ್ಟೆ ಸಾಲದಿದ್ದಾಗ ತುಂಬುತೋಳನ್ನು ಅರೆತೋಳು ಮಾಡಿ, ಗಿರಾಕಿಗೆ "ಇದೇ ಈಗಿನ ಫ್ಯಾಷನ್ನು" ಎಂದು ತೊಡಿಸಿ ಕಳಿಸಿದವನು ತಾನೇ ಎಷ್ಟು ಸಲವೋ. ಆ ರೆಕಾರ್ಡಿಂಗ್ ಅಂಗಡಿಯವನಿಗೆ ಟೇಪು ಸಾಲದೆ ಬಂದಿತ್ತು, ಕತ್ತರಿಸಿ ಕೊಟ್ಟಿದ್ದ. ಆ ಅರೆತೋಳನ್ನೇ ತೊಟ್ಟು ಮೂವತ್ತೆರಡು ವರ್ಷ ಊರೆಲ್ಲ ಮೆರೆದಿದ್ದವನು ತಾನು. ಅಂಗಡಿಯವನ ತಪ್ಪು ಒಂದೇ ಸಲದ್ದು. ಪ್ರತಿವರ್ಷ, ಅವಳು ತುಟಿ ತೆರೆದ ಹೊತ್ತಿಗೆ ಸರಿಯಾಗಿ, ಚಿಟಿಕೆ ಹೊಡೆದವನು ಯಾರು? ಅವನಿಗೆ ನಾಚಿಕೆಯಾಯಿತು, ಸಂಕಟವೂ ಆಯಿತು.

ಇಡೀ ಮೈದಾನವು ಉಸಿರು ಹಿಡಿದು ನಿಂತಿತ್ತು. ವೀರನು ಪ್ರತಿಜ್ಞೆಯನ್ನು ಪಾಲಿಸುವನೋ, ಪದವಿಯನ್ನು ತ್ಯಜಿಸುವನೋ, ಏನು ನುಡಿಯುವನೋ! ಹನುಮಂತರಾಯಪ್ಪ ಮೈಕನ್ನು ತುಟಿಯ ಬಳಿಗೆ ತಂದು, ಎದೆತುಂಬ ಉಸಿರೆಳೆದು, ಜಗತ್ತೇ ಕೇಳಲೆಂದು, ಆದರೆ ಈ ಸಲ ಗುಡುಗದೆ ಮೆಲುದನಿಯಲ್ಲಿ, ಒಂದು ಮಾತು ಹೇಳಿದನು.

ಯಾರಿಗೂ ಕೇಳಿಸಲಿಲ್ಲ. ಗಲಾಟೆ ಶುರುವಾದಾಗಲೇ ಸೌಂಡಿನವನು ಮೈಕು ಬಂದ್ ಮಾಡಿದ್ದನು; ಅದುವರೆಗೆ ಮೈದಾನಕ್ಕೆ ಕೇಳಿಸಿದ್ದು ಅವನ ಬರಿಗಂಟಲಿನ ಗುಡುಗೇ. ವೇದಿಕೆಯ ಮೇಲಿದ್ದ ಹರಿಣಿಗೆ ಮಾತ್ರ ಕೇಳಿಸಿತಂತೆ. ಅವಳು ನಕ್ಕು, ಕೊಳಲಿನವನಿಗೆ ಸನ್ನೆ ಮಾಡಿ, ಆ ಚರಣವನ್ನು ಮೊದಲಿನಿಂದ ಎತ್ತಿಕೊಂಡಳು. ಅಕ್ಷೌಹಿಣಿ ಟಾರ್ಚು ಬೀಸಿತು. ಹನ್ನೊಂದು ಮಂದಿ ಮಹಾರಥಿಗಳು, ಬೇರೆ ಕೆಲಸವಿಲ್ಲದೆ, ತಾಳ ಹಾಕಿದರು.

ಆ ಮಹಾಸಮರದಲ್ಲಿ ಅಳಿದುಹೋದವು ಇವಿಷ್ಟು: ಪ್ಲಾಸ್ಟಿಕ್ ಕುರ್ಚಿಯ ಕಾಲು ಒಂದು, ಮೂಡ್ಲಗಿರಿಯಪ್ಪನ ಎಡಗಾಲಿನ ಚಪ್ಪಲಿ, ಒಂದಷ್ಟು ಚುರುಮುರಿ. ರಾಜೀನಾಮೆಯ ವಿಚಾರ ಸಂಘದ ಮುಂದಿನ ಸಭೆಯಲ್ಲಿ ಬಂತು. ಕೋರಂ ಇರಲಿಲ್ಲ.

ಫಾಲ್ಗುಣದಲ್ಲಿ ಮದುವೆಯ ದಿನ ಬಂದಿತು. ಪುಟ್ಟತಾಯಮ್ಮ ಸ್ಟೂಲಿನ ಮೇಲೆ ಕುಳಿತಳು. ಹನುಮಂತರಾಯಪ್ಪ ಎರಡು ಚರಣಗಳನ್ನೂ ಹಾಡಿದನು. ಅಭ್ಯಾಸಬಲ ನೋಡಿ, ಕೈ ತಾನಾಗಿಯೇ ಮೇಲೆದ್ದಿತು, ಬೆರಳಿಗೆ ಬೆರಳು ಸೇರಿತು. ಅವನು ಗಾಬರಿಯಾಗಿ ಆ ಕೈಯನ್ನು ಸಫಾರಿಯ ಜೇಬಿನೊಳಕ್ಕೆ ತುರುಕಿಕೊಂಡು ನಿಂತನು.

ಪುಟ್ಟತಾಯಮ್ಮ ಗಂಟಲು ಸರಿಮಾಡಿಕೊಂಡು ಹಾಡಿದಳು. ಆತುರವಿಲ್ಲದೆ, ಪೂರ್ತಿಯಾಗಿ.

"ಚೆನ್ನಾಗೈತೆ," ಎಂದನು ಹನುಮಂತರಾಯಪ್ಪ. "ಕಾಫಿ ಕುಡೀತೀಯಾ?"

ಎಂದವನೇ ತಾನೇ ಒಳಗೆ ಹೋಗಿ, ಬಾಳಿನಲ್ಲಿ ಮೊದಲ ಸಲ ಒಲೆ ಹಚ್ಚಿ, ಕಾಫಿ ಮಾಡಿ ತಂದನು. ಸಕ್ಕರೆ ಹಾಕಿರಲಿಲ್ಲ. ಪುಟ್ಟತಾಯಮ್ಮ ಅದನ್ನು ಹೇಳಿದಳು.