ಮಾಮಾರ ಕಾರಿನ ಮುಂದಿನ ಗಾಜು

ಮಾಮಾರ ಕಣ್ಣು ಹೋಗಿವೆ ಎಂದು ಆಗ ಎಲ್ಲರೂ ನಂಬಿದ್ದರು. ಮಾಮಾ ಒಬ್ಬರನ್ನು ಬಿಟ್ಟು. ಅವರ ಪ್ರಕಾರ ಕೆಟ್ಟಿದ್ದು ಕಾರಿನ ಮುಂದಿನ ಗಾಜು. ನಮ್ಮ ಮನೆತನದಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಒಬ್ಬರಿಗೆ ಏನಾಗಿದೆ ಎಂಬುದನ್ನು ಅವರನ್ನು ಬಿಟ್ಟು ಉಳಿದವರೆಲ್ಲ ಸೇರಿ ತೀರ್ಮಾನಿಸುತ್ತಾರೆ. ಬಹುಮತ ಇದ್ದಮೇಲೆ ತಪ್ಪಾಗುವುದಿಲ್ಲ ಎಂಬ ಧೈರ್ಯ.

ಮಾಮಾ ಎಂದರೆ ನನ್ನ ತಾಯಿಯ ಅಣ್ಣ. ರಾಯಚೂರು ಕಡೆಯವರು. ರೈಲ್ವೆ ಕಚೇರಿಯಲ್ಲಿ ದುಡಿದು, ನಿವೃತ್ತರಾದಮೇಲೆ ಹೈದರಾಬಾದಿನ ಮಲ್ಕಾಜ್‌ಗಿರಿಯಲ್ಲೇ ಉಳಿದರು. ಊರ ಕಡೆಯಿಂದ ಯಾರೇ ಹೈದರಾಬಾದಿಗೆ ಬರಲಿ, ಸ್ಟೇಷನ್ನಿಗೆ ಕಾರು ಒಯ್ದು ಕರೆತರುವುದು ಅವರ ಕೆಲಸ. ಯಾರೂ ಒಪ್ಪಿಸಿದ್ದಲ್ಲ, ತಾವೇ ವಹಿಸಿಕೊಂಡ ಹುದ್ದೆ. ಅದೊಂದನ್ನು ಬಿಟ್ಟರೆ ಅವರಿಗೆ ಮಾಡಲು ಬೇರೇನೂ ಇರಲಿಲ್ಲ.

೧. ಮೆರವಣಿಗೆ

ಒಂದು ಸಂಜೆ ಅಬಿಡ್ಸ್‌ನಿಂದ ಮನೆಗೆ ಬರುತ್ತಿದ್ದೆವು. ಮಾಮಾ ಕಾರು ನಡೆಸುತ್ತಿದ್ದರು, ಪಕ್ಕದಲ್ಲಿ ಮಾಮಿ, ಹಿಂದೆ ಮೊಬೈಲ್ ನೋಡುತ್ತ, ಅವರ ಮನೆಯಲ್ಲೇ ಇರುವ ನಾನು. ಎದುರಿನ ಗಾಡಿಗಳ ಲೈಟು ಬಿದ್ದಾಗಲೆಲ್ಲ ಮಾಮಾ ಮುಂದಕ್ಕೆ ಬಾಗಿ ಕಣ್ಣು ಕಿರಿದುಮಾಡುತ್ತಿದ್ದರು. ಒಂದು ಕಡೆ ನಡುರಸ್ತೆಯಲ್ಲಿ ನಿಲ್ಲಿಸಿಯೇಬಿಟ್ಟರು. ಹಿಂದಿನವರೆಲ್ಲ ಹಾರ್ನ್ ಹೊಡೆಯತೊಡಗಿದರು.

"ಯಾಕ ನಿಂತ್ರಿ?" ಎಂದರು ಮಾಮಿ.

"ಬಾರಾತ್ ಹೊಂಟೈತಿ. ಮದುವಿ ಮಂದಿಗೆ ದಾರಿ ಬಿಡಬೇಕು. ತಡಿ, ಹೋಗಲಿ."

ಮಾಮಿ ಪಕ್ಕದ ಕಿಟಕಿ ಇಳಿಸಿ ತಲೆ ಹೊರಗೆ ಹಾಕಿ ನೋಡಿದರು.

"ಅದು ಹೊಸಾ ಸೀರಿ ಅಂಗಡಿ ರೀ. ಲೈಟಿನ ಸರ ಬಿಟ್ಟಾರ. ಅದು ಎಲ್ಲಿಗೂ ಹೋಗಂಗಿಲ್ಲ."

೨. ಒದ್ದೆ ಪೇಪರು

ಆ ವಾರವೇ ಮನೆಯಲ್ಲಿ ಪಂಚಾಯಿತಿ ನಡೆಯಿತು. ನನ್ನ ತಾಯಿ ಫೋನಿನಲ್ಲೇ ಹಾಜರಿದ್ದರು. ದಸರಾ ತನಕ ಗಡುವು. ಅಷ್ಟರೊಳಗೆ ಗಾಜು ಸರಿಹೋಗಿ ಮಾಮಾಗೆ ಸಂಜೆ ಹೊತ್ತು ರಸ್ತೆ ಕಂಡರೆ ಕಾರು ಅವರದು. ಇಲ್ಲದಿದ್ದರೆ ಕೀಲಿ ನನ್ನ ಕೈಗೆ. ನನಗೆ ಕಾರು ಬೇಕಿರಲಿಲ್ಲ. ಆದರೆ ಮನೆಯಲ್ಲಿ ಲೈಸೆನ್ಸ್ ಇದ್ದ ಮತ್ತೊಬ್ಬ ನಾನೇ.

ಎದುರು ಮನೆಯವರು ನಿವೃತ್ತ ರೈಲ್ವೆ ಗಾರ್ಡ್, ಬೀದರ್ ಕಡೆಯವರು. ಸುದ್ದಿ ತಿಳಿದದ್ದೇ ಬಂದರು.

"ಒದ್ದಿ ಪೇಪರ್ ತಗೊಂಡು ತಿಕ್ರಿ. ಇಂಗ್ಲಿಷ್ ಪೇಪರ್ ನಕ್ಕೋ, ಅದು ಜಾರ್ತೈತಿ. ಉರ್ದು ಪೇಪರಿನ ಶಾಯಿ ಭಾಳ ಚಲೋ."

"ತೆಲುಗು ಪೇಪರ್ ದಪ್ಪ ಇರ್ತೈತ್ರಿ," ಎಂದರು ಮಾಮಾ.

ಕೊನೆಗೆ ಗಾಜನ್ನು ಎರಡು ಭಾಗ ಮಾಡಿಕೊಂಡರು. ಎಡಕ್ಕೆ ಉರ್ದು, ಬಲಕ್ಕೆ ತೆಲುಗು. ಸ್ವಲ್ಪ ಹೊತ್ತಿನಲ್ಲಿ ಮಾಮಾರ ಕೈ ನಿಂತಿತು. ಒದ್ದೆ ಪೇಪರಿನಲ್ಲಿ ಒಂದು ಶ್ರದ್ಧಾಂಜಲಿ, ಅದರಲ್ಲಿ ಇಬ್ಬರಿಗೂ ಗೊತ್ತಿದ್ದ ಸ್ಟೇಷನ್ ಮಾಸ್ಟರರ ಫೋಟೋ.

"ಅಯ್ಯ, ಇವರು ಹೋದ್ರೇನ್ರಿ. ನಮಗ್ಯಾರೂ ಹೇಳಲೇ ಇಲ್ಲ."

ಅರ್ಧ ತಿಕ್ಕಿದ ಗಾಜಿನ ಕಾರಿನಲ್ಲೇ ಇಬ್ಬರೂ ದುಃಖ ಹಂಚಿಕೊಳ್ಳಲು ಹೊರಟರು. ರದ್ದಿ ಪೇಪರಿಗೆ ಎಷ್ಟು ವಯಸ್ಸಾಗಿತ್ತೆಂದು ಯಾರೂ ನೋಡಿರಲಿಲ್ಲ. ಸಾವು ಕಳೆದು ವರ್ಷಗಳಾಗಿದ್ದ ಆ ಮನೆಯಲ್ಲಿ ಮಗ ಹೊಸ ಕಾರಿನ ಪೂಜೆ ಮಾಡುತ್ತಿದ್ದ. ಇಬ್ಬರೂ ಅಳುಮೋರೆ ಹಾಕಿಕೊಂಡೇ ಪೇಢೆ ತಿಂದು ಬಂದರು.

೩. ಕ್ಯಾನು

ಬೇಗಂ ಬಜಾರಿನಲ್ಲಿ ಸಿಗದ ವಸ್ತುವಿಲ್ಲ. ಸ್ವಲ್ಪವೇ ಸಿಗುವ ವಸ್ತುವೂ ಇಲ್ಲ. ಗಾಜು ಒರೆಸುವ ಲಿಕ್ವಿಡ್ ಒಂದು ಬಾಟಲಿ ಕೊಡಿ ಎಂದರೆ ಸಗಟು ವ್ಯಾಪಾರಿ ಮಾಮಾರನ್ನು ಕನಿಕರದಿಂದ ನೋಡಿದ.

"ಬಾಟ್ಲಿ ನಕ್ಕೋ ಪೂಛೋ ಚಾಚಾ. ಕ್ಯಾನ್ ಲೇಲೋ."

ಬಾಟಲಿ ಕೇಳಬೇಡಿ, ಕ್ಯಾನೇ ಒಯ್ಯಿರಿ ಎಂದ. ಕ್ಯಾನು ಎಂದರೆ ನಾನು ಎರಡು ಕೈಯಲ್ಲಿ ಎತ್ತಬೇಕಾದಷ್ಟು. ಮದುವೆ ಹಾಲ್‌ಗಳ ಕಿಟಕಿಗೆ ಇದನ್ನೇ ಒಯ್ಯುತ್ತಾರಂತೆ. ನೀರು ಬೆರೆಸಿ ಹಾಕಬೇಕೆಂದು ಆತ ಹೇಳಿದ. ಮಾಮಾ ನೀರು ಬೆರೆಸಿದ ಯಾವುದನ್ನೂ ಜೀವನದಲ್ಲಿ ನಂಬಿದವರಲ್ಲ. ವೈಪರಿಗೆ ನೀರು ಹಾಯಿಸುವ ಡಬ್ಬಿಗೆ ಹಾಗೆಯೇ ಸುರಿದರು.

ಮುಂದಿನ ಸಿಗ್ನಲ್ಲಿನಲ್ಲಿ ಗುಂಡಿ ಒತ್ತಿದರು. ನೊರೆ ಗಾಜನ್ನು ತುಂಬಿ, ಬಾನೆಟ್ಟಿನ ಮೇಲಿಳಿದು, ಗಾಳಿಗೆ ಎದ್ದು ಪಕ್ಕದ ಆಟೋದಲ್ಲಿದ್ದವರ ಮೇಲೆ ಹಾರಿತು. ನಿಲ್ಲಿಸಲು ಹೋಗಿ ಮಾಮಾ ಮತ್ತೊಮ್ಮೆ ಒತ್ತಿದರು. ಸಿಗ್ನಲ್ ಹಸಿರಾದದ್ದೂ ನಮಗೆ ಕಾಣಲಿಲ್ಲ. ಟ್ರಾಫಿಕ್ ಕಾನ್‌ಸ್ಟೇಬಲ್ ಬಂದು ಕಿಟಕಿ ತಟ್ಟಿದ.

"ಏಮ್ ಸಾರ್, ಇಂಟ್ಲೋ ನೀಳ್ಳು ರಾಲೇದಾ?"

ಮನೆಯಲ್ಲಿ ನೀರು ಬಂದಿಲ್ಲವೇ ಎಂದು ಕೇಳುತ್ತಿದ್ದ. ಮಾಮಾ ಸರಕಾರಿ ಮನುಷ್ಯನಿಗೆ ಸುಳ್ಳು ಹೇಳುವವರಲ್ಲ. ಬೆಳಿಗ್ಗೆಯೇ ಬಂದಿತ್ತು ಎಂದರು.

೪. ಕೊನೆಯ ಸಾಲು

ನೊರೆ ತೊಳೆದಮೇಲೆ ಗಾಜು ಹೊಳೆಯಿತು. ಆದರೂ ಸಂಜೆಯಾದರೆ ಮಾಮಾಗೆ ಲೈಟುಗಳು ಮೊದಲಿನಂತೆಯೇ ಹರಡಿಕೊಂಡು ಕಾಣುತ್ತಿದ್ದವು. ಇನ್ನು ಕಣ್ಣಿನದೇ ಎಂಬುದರಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆವು.

ಮಾಮಾ ಗೋಡೆಯ ಚಾರ್ಟನ್ನು ಮೇಲಿನಿಂದ ಕೊನೆಯ ಸಾಲಿನವರೆಗೆ ಓದಿದರು. ಡಾಕ್ಟರು ಸಾಕು ಎಂದರೂ ನಿಲ್ಲಿಸದೆ, ಅದರ ಕೆಳಗೆ ಇರುವೆ ಹೋದಂತಿದ್ದ ಪ್ರೆಸ್ಸಿನ ವಿಳಾಸವನ್ನೂ ಓದಿದರು. ಈ ವಯಸ್ಸಿನಲ್ಲಿ ಇಂಥ ಕಣ್ಣು ಅಪರೂಪ ಎಂದರು ಡಾಕ್ಟರು. ನಮಗೆ ನಿರಾಸೆಯಾಯಿತು.

"ಡಾಕ್ಟರ್ ಭಾಳ ಸಣ್ಣಾವ ಅದಾನ," ಎಂದರು ಮಾಮಿ ಆಟೋದಲ್ಲಿ. "ಮೀಸಿನೂ ನೆಟ್ಟಗ ಬಂದಿಲ್ಲ."

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಬೆಳಕು ಚದುರುವುದು ನನ್ನ ಪಾಠದ ವಿಷಯ. ಹಗಲಲ್ಲಿ ಚಾರ್ಟ್ ಓದುವುದೇ ಬೇರೆ, ಸಂಜೆ ಎದುರಿನಿಂದ ಬೆಳಕು ಬೀಳುವುದೇ ಬೇರೆ, ದಾರಿಯಲ್ಲಿ ಎಲ್ಲೋ ತುಸು ಮಸುಕಿದ್ದರೂ ಸಾಕು, ಬೆಳಕು ಹರಡುತ್ತದೆ, ಈ ವಯಸ್ಸಿನಲ್ಲಿ ಆ ಮಸುಕು ಕಣ್ಣೊಳಗೆ ಇರುತ್ತದೆ ಎಂದು ಮಲ್ಕಾಜ್‌ಗಿರಿ ತನಕ ವಿವರಿಸಿದೆ.

"ಕಲಿತವ್ರು ಕಲಿತವ್ರ," ಎಂದರು ಮಾಮಿ.

"ಹಂಗಾರ ಗ್ಲಾಸಿಂದಲ್ಲ ಅಂತೀ?" ಎಂದು ಮಾಮಾ ಕೇಳಿದರು.

"ಅಲ್ಲ ಮಾಮಾ."

ಆಟೋ ನಿಂತಾಗ ಮಾಮಾ ನನ್ನ ಭುಜ ಹಿಡಿದು ಇಳಿದರು. ಅಲ್ಲಿಯವರೆಗೆ ಅವರು ಯಾರ ಭುಜವನ್ನೂ ಹಿಡಿದು ಇಳಿದದ್ದಿಲ್ಲ.

೫. ಮೂರನೇ ಸಾಲು

ಮಾಮಾ ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವರಲ್ಲ. ಕಣ್ಣು ಹೋಗಿವೆ ಎಂದು ಒಪ್ಪಿದಮೇಲೆ ಅದನ್ನೂ ಶ್ರದ್ಧೆಯಿಂದ ಮಾಡಿದರು. ಗೋಡೆ ಹಿಡಿದು ಮೆಟ್ಟಿಲಿಳಿದರು. ಮಾಮಿ ಚಹಾ ತಂದರೆ "ಯಾರವ್ರು?" ಎಂದು ಕೇಳಿದರು. "ಮತ್ಯಾರ್ ತರ್ತಾರ್ರಿ ನಿಮಗ," ಎಂದು ಮಾಮಿ ಬಟ್ಟಲು ಕುಕ್ಕಿ ಹೋದರು. ದಸರಾ ದಿನ ಕೀಲಿಗೆ ಅರಿಶಿನ ಕುಂಕುಮ ಹಚ್ಚಿ ನನ್ನ ಕೈಗೆ ಕೊಟ್ಟರು. ಬನ್ನಿ ಕೊಟ್ಟಷ್ಟೇ ಸಹಜವಾಗಿ ಕೊಟ್ಟರು, ಆದರೆ ಕಾರಿನ ಹತ್ತಿರ ಬರಲಿಲ್ಲ.

ಮಾಮಿ ಬಂದರು, ಧೂಪದ ಬಟ್ಟಲು ಹಿಡಿದುಕೊಂಡು. ಪ್ರತಿ ಶುಕ್ರವಾರ, ಮತ್ತು ಗಾಜು ಒರೆಸಿದ ಪ್ರತಿ ಸಲ, ಕಾರಿನ ಕಿಟಕಿಗಳನ್ನೆಲ್ಲ ಏರಿಸಿ ಒಳಗೆ ಧೂಪ ಇಟ್ಟು ಬಾಗಿಲು ಮುಚ್ಚುವುದು ಅವರ ಪದ್ಧತಿ. ಹೊಗೆ ಹೊರಗೆ ಹೋದರೆ ದೃಷ್ಟಿ ಹೋಗುವುದಿಲ್ಲವಂತೆ. ಹೊಸ ಡ್ರೈವರಿಗಾಗಿ ಅಂದು ಎರಡು ಚಮಚ ಹೆಚ್ಚೇ ಹಾಕಿದರು.

ಅದೇ ಸಂಜೆ ಕಾರು ತೆಗೆದುಕೊಂಡು ಹೊರಟೆ. ಫ್ಲೈಓವರ್ ಹತ್ತಿದ್ದೇ ಎದುರಿನ ಲೈಟುಗಳೆಲ್ಲ ಗಾಜಿನ ತುಂಬ ಹರಡಿಕೊಂಡವು. ನನ್ನ ಕಣ್ಣಿಗೆ ಆ ವಯಸ್ಸಾಗಿರಲಿಲ್ಲ. ಇಳಿದಮೇಲೆ ಬದಿಗೆ ನಿಲ್ಲಿಸಿದೆ. ಸೀಟಿನಿಂದ ಏಳದೆಯೇ ಕರವಸ್ತ್ರ ತೆಗೆದು ಗಾಜನ್ನು ಒರೆಸಿದೆ. ಮುಂದಿನ ರಸ್ತೆ ಚೊಕ್ಕವಾಗಿ ಕಂಡಿತು. ಆಟೋದ ಹಿಂದೆ ಬರೆದದ್ದೂ ಓದಲು ಬಂತು.

ಮರುದಿನ ಬೆಳಿಗ್ಗೆ ಕರವಸ್ತ್ರ ಹಿಡಿದು ಹೋದೆ. ಮಾಮಿ ಎದುರು ಕುರ್ಚಿಯಲ್ಲಿ ಕೂತು ಮಾಮಾಗೆ ಪೇಪರ್ ಓದಿ ಹೇಳುತ್ತಿದ್ದರು. ಪೇಪರಿನ ಹಿಂಬದಿ ಮಾಮಾರ ಕಡೆಗಿತ್ತು. ಮಾಮಾ ಅಲ್ಲಿಂದಲೇ ಅದನ್ನು ನೋಡುತ್ತಿದ್ದರು.

"ಆ ಪುಟ ಆದಮ್ಯಾಲ ಈ ಕಡಿ ಓದು," ಎಂದರು. "ರೈಲು ರದ್ದು ಮಾಡ್ಯಾರ. ಮೂರನೇ ಸಾಲು ನೋಡು. ಸಣ್ಣ ಅಕ್ಷರದಾಗ ಐತಿ."

ಮಾಮಿ ಪುಟ ತಿರುಗಿಸಿ, ಹುಡುಕಿ, ಕನ್ನಡಕ ಹಾಕಿಕೊಂಡು ಓದಿದರು. ಇಬ್ಬರಿಗೂ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ನಾನು ಕರವಸ್ತ್ರ ಬಿಚ್ಚಿ ತೋರಿಸಿದೆ. ಕಂದು ಬಣ್ಣಕ್ಕೆ ತಿರುಗಿತ್ತು, ಧೂಪದ ವಾಸನೆ ಹೊಡೆಯುತ್ತಿತ್ತು.

"ಧೂಪ ಹಾಕಿದ್ದಕ್ಕ ಇಷ್ಟು ವರ್ಷ ಎಲ್ಲೂ ಗುದ್ದಿಲ್ಲ," ಎಂದರು ಮಾಮಿ.

"ಮಾಮಾ, ಕಾರು ನೀವ ನಡಸ್ರಿ. ಕಣ್ಣು ಚಲೋ ಅದಾವ," ಎಂದು ಕೀಲಿ ಮೇಜಿನ ಮೇಲಿಟ್ಟೆ.

ಮಾಮಾ ಕೀಲಿಯನ್ನು ಮುಟ್ಟಲಿಲ್ಲ.

"ಬ್ಯಾಡಪಾ. ನೀವೆಲ್ಲ ಇಷ್ಟು ಮಂದಿ ಸೇರಿ ಹೇಳೀರಿ. ಹೆಂಗ ಸುಳ್ಳಾಗ್ತೈತಿ? ಈಗ ನನಗೂ ರೂಢಿ ಆಗೈತಿ."

ಈಗ ಊರ ಕಡೆಯವರು ಸ್ಟೇಷನ್ನಿನಿಂದ ಆಟೋದಲ್ಲಿ ಬರುತ್ತಾರೆ. ಮಾಮಾ ಗೋಡೆ ಹಿಡಿದು ಬಾಗಿಲ ತನಕ ಬಂದು "ಯಾರವ್ರು?" ಎನ್ನುತ್ತಾರೆ. ಅವರ ಕಣ್ಣಿಗೆ ಏನೂ ಆಗಿರಲಿಲ್ಲ. ಆ ಗಾಜನ್ನು ಒಳಗಿನಿಂದ ಯಾರೂ ಒರೆಸಿರಲಿಲ್ಲ.